ಚುಕ್ಕಿ ಚುಕ್ಕಿ ಗೀಟು ಗೀಟು ಚುಕ್ಕಿ ಚುಕ್ಕಿ

ಕೋಲಾರ
ಭಾನುವಾರ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಹಾಸ್ಟೆಲ್ ಊಟ, ಫೆಲೋಶಿಪ್ ದುಡ್ಡು ತಡವಾಗಿದ್ದು ಎಲ್ಲ ನಿಮ್ಮಪ್ಪನ ಬಾಯಲ್ಲಿ ಕೇಳಿದ್ದೇನೆ, ಅದಿರಲಿ. ನಿನ್ನ ಕಾಗದದ ಎರಡನೇ ಪುಟದ ಕೊನೆಗೆ ಏನೋ ಬರೆದು ಹೊಡೆದು ಹಾಕಿದ್ದೀಯಲ್ಲ, ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದೆ. "ಮೇಷ್ಟ್ರು ಅರ್ಥ ಆಯ್ತಾ ಅಂದಾಗ ಎಲ್ಲರ ಜೊತೆ ನಾನೂ ತಲೆಯಾಡಿಸ್ತೀನಿ. ಈಗ ಕೇಳಿದ್ರೆ ಮೊದಲನೇ ವಾರದಿಂದಲೇ ಗೊತ್ತಿಲ್ಲ ಅನ್ನೋದು ಬಯಲಾಗತ್ತೆ." ಹೊಡೆದು ಹಾಕಿದ್ದನ್ನು ಓದಿದ್ದು ತಪ್ಪೇ. ಆದರೆ ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ಹಬ್ಬಕ್ಕೆ ಬಂದಾಗ ಬಿಟ್ಟುಹೋದ ನಿನ್ನ ಇನ್ಫರ್ಮೇಶನ್ ಥಿಯರಿ ನೋಟ್ಸ್ ತೆಗೆದು ಕೂತೆ, ಸಂದೇಶವನ್ನು ಚಿಕ್ಕದಾಗಿ, ತಪ್ಪಿಲ್ಲದೆ ಕಳಿಸುವ ಲೆಕ್ಕದ ಶಾಸ್ತ್ರವಂತಲ್ಲ ಅದು. ಲಾಗರಿದಮ್ ನನಗೆ ಎಸ್ಸೆಸ್ಸೆಲ್ಸಿಗೇ ಮರೆತುಹೋಯಿತು. ಆದರೆ ಹೆಚ್ಚು ಬರುವ ಅಕ್ಷರಕ್ಕೆ ಚಿಕ್ಕ ಸಂಕೇತ, ಅಪರೂಪದ್ದಕ್ಕೆ ಉದ್ದದ್ದು ಅಂತ ನೋಡಿದಾಗ ನಗು ಬಂತು. ತಂತಿ ಆಫೀಸಿನಲ್ಲಿ ಇಪ್ಪತ್ತು ವರ್ಷ ಮೋರ್ಸ್ ಸಂಕೇತ ಅಂತ ಕುಟ್ಟಿದ್ದು ಅದನ್ನೇ. ಇ ಅಂದರೆ ಒಂದೇ ಚುಕ್ಕಿ, ಕ್ಯೂ ಅಂದರೆ ಗೀಟು ಗೀಟು ಚುಕ್ಕಿ ಗೀಟು. ನಡುವೆ ಬಿಡುವು ಕೊಡದಿದ್ದರೆ ಮಾತ್ರ ಇ-ಟಿ ಕೂಡಿ ಎ ಆಗಿಬಿಡುತ್ತಿತ್ತು. ನಿನ್ನ ಹಫ್‌ಮನ್ ಸಂಕೇತಕ್ಕೆ ಆ ಬಿಡುವೇ ಬೇಡವಂತೆ, ಒಂದು ಇನ್ನೊಂದರ ತಲೆಯಾಗಿ ಬರುವುದೇ ಇಲ್ಲವಂತೆ. ಅದು ತಿಳಿದ ದಿನ ನಿನ್ನ ದೊಡ್ಡಮ್ಮನನ್ನು ಕೂರಿಸಿಕೊಂಡು ಅರ್ಧ ಗಂಟೆ ಕೊರೆದೆ, ಪಾಪ.

ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಒಂದು ಪ್ರಶ್ನೆ ಬರೆದಿದ್ದೀಯ: ಎಲ್ಲಕ್ಕಿಂತ ಸಂಭವ ಹೆಚ್ಚಿರುವ ಸಾಲೇ ಟಿಪಿಕಲ್ ಸೆಟ್‌ನಲ್ಲಿ ಇಲ್ಲವಲ್ಲ, ಯಾಕೆ? ಟಿಪಿಕಲ್ ಸೆಟ್ ಅಂದರೆ ಸಾಮಾನ್ಯವಾಗಿ ಕಣ್ಣಿಗೆ ಬೀಳುವಂಥ ಸಾಲುಗಳ ಗುಂಪು ಅಂತ ನಾನು ತಿಳಿದುಕೊಂಡೆ. ಇದನ್ನು ಮೇಷ್ಟರಿಗೆ ಕೇಳಲಿಲ್ಲ ತಾನೇ? ನಾನು ನಮ್ಮ ಟೊಮೇಟೊ ಮಂಡಿಯ ಲೆಕ್ಕದಲ್ಲಿ ನೋಡಿದೆ, ತಪ್ಪಿದ್ದರೆ ನಗಬೇಡ. ಹತ್ತು ಬಾಕ್ಸಿಗೆ ಒಂದು ಕೊಳೆತಿರುತ್ತದೆ ಅಂತ ಇಟ್ಟುಕೋ. ನೂರು ಬಾಕ್ಸಿನ ಲೋಡಿನಲ್ಲಿ 'ನೂರೂ ಚೆನ್ನಾಗಿದೆ' ಅನ್ನುವುದೇ ಒಂದೊಂದಾಗಿ ನೋಡಿದರೆ ಎಲ್ಲಕ್ಕಿಂತ ಸಂಭವ ಹೆಚ್ಚಿರುವ ಸಾಲು. ಆದರೂ 37,000ಕ್ಕೂ ಹೆಚ್ಚು ಲೋಡಿಗೆ ಒಂದು ಸಲ ಹಾಗಾದರೆ ಹೆಚ್ಚು. ಸುಮಾರು ಹತ್ತು ಕೊಳೆತ ಲೋಡುಗಳು ಬೇರೆ ಬೇರೆ ಥರ ಲೆಕ್ಕವಿಲ್ಲದಷ್ಟು ಇರುತ್ತವೆ, ಅದಕ್ಕೇ ದಿನಾ ಕಣ್ಣಿಗೆ ಬೀಳುವುದು ಅವೇ. ಇಷ್ಟೇನಾ? ಇಷ್ಟೇ ಆಗಿದ್ದರೆ ಇದನ್ನು ಕೇಳುವುದಕ್ಕೆ ಯಾಕಮ್ಮ ಅಷ್ಟು ಹೆದರಿಕೆ?

ಹೆದರಿಕೆ ಯಾಕೆ ಅಂತ ನನಗೆ ಗೊತ್ತು, ಸುಮ್ಮನೆ ಕೇಳಿದೆ.

ನಾನು ಕೆಲಸಕ್ಕೆ ಸೇರಿದ ಹೊಸತು. ಬೆಂಗಳೂರಿನ ಕಡೆ ಕೂತಿದ್ದವನ ಕೈ ಭಾರಿ ವೇಗ. ತಂತಿಯ ಬಡಿತ ಕೇಳಿಸುವ ಯಂತ್ರ, ಸೌಂಡರ್, ಟಕಟಕ ಅಂದರೆ ನನ್ನ ಪೆನ್ಸಿಲ್ ಹಿಂದೆ ಬೀಳುತ್ತಿತ್ತು. ಅರ್ಥವಾಗದಿದ್ದರೆ ಕೇಳಲು ಒಂದು ಗುರುತೇ ಇತ್ತು: ಚುಕ್ಕಿ ಚುಕ್ಕಿ ಗೀಟು ಗೀಟು ಚುಕ್ಕಿ ಚುಕ್ಕಿ. ಅದು ಪ್ರಶ್ನಾರ್ಥಕ ಚಿಹ್ನೆ. 'ತಿಳಿಯಲಿಲ್ಲ, ಮತ್ತೆ ಕಳಿಸು' ಅನ್ನುವುದಕ್ಕೂ ಅದೇ. ಕಳಿಸಲು ಎರಡು ಸೆಕೆಂಡು ಸಾಕು. ಅವನು ನಗುತ್ತಾನೆ ಅಂತ ನಾನು ಕಳಿಸುತ್ತಿರಲಿಲ್ಲ.

ಒಂದು ದಿನ ಹಳ್ಳಿಯ ಹುಡುಗನೊಬ್ಬನಿಗೆ ಅವನ ಮಾವನಿಂದ ತಂತಿ ಬಂತು. ಇಂಟರ್‌ವ್ಯೂ, ಇಂಥ ದಿನ, ಹೊರಡು. ಪದಕ್ಕಿಷ್ಟು ಅಂತ ದುಡ್ಡಲ್ಲವೇ, ವಾರದ ಹೆಸರು ಹಾಕಿರಲಿಲ್ಲ, ಬರೀ ತಾರೀಖು. ಆರಕ್ಕೆ ಒಂದು ಗೀಟು ನಾಲ್ಕು ಚುಕ್ಕಿ, ಏಳಕ್ಕೆ ಎರಡು ಗೀಟು ಮೂರು ಚುಕ್ಕಿ. ಎರಡನೆಯ ಬಡಿತ ಗಿಡ್ಡವೋ ಉದ್ದವೋ ಅನುಮಾನವಾಯಿತು. 17 ಅಂತ ಬರೆದು ಕಳಿಸಿದೆ. ಇದ್ದದ್ದು 16.

ಹುಡುಗ ಮೂರು ದಿನ ಬಿಟ್ಟು ಕೌಂಟರಿಗೆ ಬಂದ. ಫಾರಂ ಮಡಿಕೆ ಬಿಚ್ಚಿ ಏಳರ ಮೇಲೆ ಬೆರಳಿಟ್ಟು, "ಸಾರ್, ಇಲ್ಲಿ ಹದಿನೇಳು ಅಂತಲೇ ಇದೆಯಲ್ಲವಾ?" ಅಂದ. ಜಗಳಕ್ಕೆ ಬಂದವನಲ್ಲ, ತಾನೇ ತಪ್ಪಾಗಿ ಓದಿದೆನೇನೋ ಅಂತ ಕೇಳಲು ಬಂದಿದ್ದ. "ಲೈನು ಕೆಟ್ಟಿತ್ತಪ್ಪಾ" ಅಂದೆ. ನಿನ್ನ ಪುಸ್ತಕದಲ್ಲಿ ನಾಯ್ಸ್ ಅಂತಾರಲ್ಲ, ಎಲ್ಲ ಅದರ ತಲೆಗೆ ಕಟ್ಟಿದೆ. ಅವತ್ತು ಲೈನು ಸರಿಯಾಗಿಯೇ ಇತ್ತು ಪುಟ್ಟಿ. ಇದನ್ನು ದೊಡ್ಡಮ್ಮನಿಗೂ ಹೇಳಿಲ್ಲ.

ಅದಕ್ಕೇ ನಿನ್ನ ಆ ಒಂದು ಸಾಲು ಎದೆಗೆ ನಾಟಿತು.

ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ, ಆದರೂ ಹೇಳುತ್ತೇನೆ. ಕ್ಲಾಸಿನಲ್ಲಿ ಕೈ ಎತ್ತಲು ಆಗದಿದ್ದರೆ ಬೇಡ, ರೂಮಿಗೆ ಹೋಗಿ ಕೇಳು. ಇಡೀ ಸೆಮಿಸ್ಟರ್ ಗೊತ್ತಿಲ್ಲ ಅನ್ನಬೇಡ, ಆ ಪೆನ್ಸಿಲ್ ಪ್ರಶ್ನೆ ಒಂದನ್ನು ತೆಗೆದುಕೊಂಡು ಹೋಗು. ಪಕ್ಕದಲ್ಲಿ ಕೂರುವ ಹುಡುಗಿಯೂ ನಿನ್ನ ಹಾಗೇ ತಲೆಯಾಡಿಸುತ್ತಿರಬಹುದು, ಕೇಳಿ ನೋಡು. ಹಫ್‌ಮನ್ ಕಥೆ ನಿನಗೇ ಗೊತ್ತಲ್ಲ. 1951ರಲ್ಲಿ ಅಮೆರಿಕದ ಎಂಐಟಿಯಲ್ಲಿ ಫಾನೋ ಮೇಷ್ಟರು, ಪರೀಕ್ಷೆ ಬೇಡದಿದ್ದರೆ ಇದನ್ನು ಬಿಡಿಸಿ ಬನ್ನಿ ಅಂತ ಎಲ್ಲಕ್ಕಿಂತ ಚಿಕ್ಕ ಸಂಕೇತ ಕಟ್ಟುವ ಒಂದು ಲೆಕ್ಕ ಕೊಟ್ಟರು. ತಮಗೂ, ಈ ಶಾಸ್ತ್ರ ಕಟ್ಟಿದ ಶಾನನ್‌ಗೂ ಅದರ ಪೂರ್ತಿ ಉತ್ತರ ಸಿಕ್ಕಿಲ್ಲ ಅಂತ ಹೇಳಲೇ ಇಲ್ಲ. ಅವರ ಶಿಷ್ಯ ಹಫ್‌ಮನ್ ತಿಂಗಳುಗಟ್ಟಲೆ ಒದ್ದಾಡಿ, ಕೈಬಿಡುವ ಹೊತ್ತಿಗೆ ದಾರಿ ಹೊಳೆಯಿತು. ಎಲ್ಲರೂ ಹಫ್‌ಮನ್ ಆಗಲಿ ಅಂತಲ್ಲ ನಾನು ಹೇಳುತ್ತಿರುವುದು. ಬೋರ್ಡಿನ ಮುಂದೆ ನಿಂತವರಿಗೂ ಗೊತ್ತಿಲ್ಲದ್ದು ಇರುತ್ತದೆ, ಅಷ್ಟೇ.

ರಾತ್ರಿ ಒಳ್ಳೆ ನಿದ್ದೆ ಮಾಡು. ಇದೂ ಒಂದು ಬುದ್ಧಿಮಾತಾ ಅನ್ನಬೇಡ. ದೊಡ್ಡಮ್ಮ ಹುಣಸೆಕಾಯಿ ತೊಕ್ಕು ಮಾಡಿದ್ದಾಳೆ, ನಿಮ್ಮಪ್ಪ ಬಂದಾಗ ತರುತ್ತಾನೆ.

ಗುರುವಾರದ ಕ್ಲಾಸಿನಲ್ಲಿ ಏನಾಯಿತು ಅಂತ ಬರಿ. ಕೇಳದೆ ಎದ್ದು ಬಂದಿದ್ದರೂ ಹಾಗಂತಲೇ ಬರಿ, ಹೊಡೆದು ಹಾಕಬೇಡ.

ನಿನ್ನ
ದೊಡ್ಡಪ್ಪ