ಬಿಟ್ಟ ಮೀನೂ ಸಾಯುತ್ತದೆ: ಮಿನ್ನೆಸೋಟಾದ ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ಇದರ ಇಂಗ್ಲಿಷ್ ಪ್ರತಿ ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಕನ್ನಡದಲ್ಲಿ ಹಾಕುತ್ತಿರುವುದು ಮಿನಿಯಾಪೊಲಿಸ್ ಸುತ್ತಮುತ್ತ ಇರುವ ನಮ್ಮವರಿಗಾಗಿ. ರಜೆ ಸಿಕ್ಕರೆ ಸಾಕು, ಗಾಳ ಹಿಡಿದು ಮಿಲ್ ಲ್ಯಾಕ್ಸ್ ಕೆರೆಗೆ ಓಡುವವರು ನಮ್ಮಲ್ಲೂ ಇದ್ದಾರೆ, ನಾನೂ ಅವರಲ್ಲೊಬ್ಬ. (ಕೆರೆ ಅಂದೆ, ಆದರೆ ಅದು 1.32 ಲಕ್ಷ ಎಕರೆ ನೀರು.)

ಒಂದು ಜುಲೈ ಮಧ್ಯಾಹ್ನದ ವಿಷಯ ಹೇಳುತ್ತೇನೆ. ಮಲೆನಾಡಿನಲ್ಲಿ ಕಾಲಿಗೆ ಹತ್ತಿದ ಉಂಬಳಕ್ಕೆ ಸುಣ್ಣ ಹಚ್ಚಿ ಕಿತ್ತೆಸೆದು ಬೆಳೆದವನು ನಾನು, ಇಲ್ಲಿ ಅದರ ನೆಂಟ ಜಿಗಣೆಯನ್ನು ದುಡ್ಡು ಕೊಟ್ಟು ಡಬ್ಬಿಯಲ್ಲಿ ತಂದು ಕೊಕ್ಕೆಗೆ ಸಿಕ್ಕಿಸುತ್ತೇನೆ. ಅವತ್ತು ವಾಲ್‌ಐ ಅನ್ನುವ ಜಾತಿಯ ಒಳ್ಳೆಯ ಮೀನೊಂದು ಬಿತ್ತು. ಕೊಕ್ಕೆಯನ್ನು ಗಂಟಲಿನವರೆಗೆ ನುಂಗಿತ್ತು. ಇಷ್ಟು ಇಂಚಿನ ಮೀನು ಮಾತ್ರ ಒಯ್ಯಬಹುದು, ಉಳಿದದ್ದು ವಾಪಸ್ ಬಿಡಬೇಕು ಅಂತ ನಿಯಮ. ಇದು ಆ ಅಳತೆಯದಲ್ಲ. ದಾರ ಕತ್ತರಿಸಿ ಬಿಟ್ಟೆ. ಎರಡು ಸಲ ಬಾಲ ಬಡಿಯಿತು, ಆಮೇಲೆ ಬಿಳಿ ಹೊಟ್ಟೆ ಮೇಲೆ ಮಾಡಿ ದೋಣಿಯ ಪಕ್ಕದಲ್ಲೇ ತೇಲಿತು. ಕಿವಿರು ಇನ್ನೂ ಆಡುತ್ತಿತ್ತು. ನಿಯಮದ ಪ್ರಕಾರ ಅದನ್ನು ಎತ್ತಿ ಮನೆಗೆ ಒಯ್ಯುವಂತಿಲ್ಲ. ಗಲ್ ಹಕ್ಕಿಗಳು ಬಂದವು.

ಇಂಥ ಸಾವನ್ನೂ ನಿಮ್ಮ ಡಿಎನ್‌ಆರ್ (ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ) ಅಂದಾಜು ಮಾಡಿ, ಈ ಕೆರೆಯ ಮೀನಿನಲ್ಲಿ ರಾಜ್ಯಕ್ಕೆ ಸಿಗುವ ಪಾಲಿನ ಲೆಕ್ಕಕ್ಕೆ ಸೇರಿಸುತ್ತದೆ. ಅದು ಸರಿಯಾದ ಲೆಕ್ಕವೇ. ನೀರು ಬೆಚ್ಚಗಾದಷ್ಟೂ ಬಿಟ್ಟ ಮೀನು ಸಾಯುವುದು ಜಾಸ್ತಿ. 2017ರ ಜುಲೈನಲ್ಲಿ ವಾಲ್‌ಐ ಹಿಡಿಯುವುದನ್ನೇ ಮೂರು ವಾರ ನಿಲ್ಲಿಸಿದ್ದು ಇದಕ್ಕೇ ಅಲ್ವಾ? ಅದಕ್ಕೂ ಮುಂಚೆ, 2015ರ ಆಗಸ್ಟ್ 3ಕ್ಕೆ, ಸೀಸನ್ ಮಧ್ಯದಲ್ಲೇ ಬಾಗಿಲು ಹಾಕಿದ್ದರು. 2016ರಲ್ಲಿ ಹಿಡಿದ ವಾಲ್‌ಐ ಎಲ್ಲವನ್ನೂ ವಾಪಸ್ ಬಿಡಬೇಕಿತ್ತು. ದಡದ ರೆಸಾರ್ಟಿನವರಿಗೆ, ಜಿಗಣೆ ಮಾರುವವರಿಗೆ ಎಷ್ಟು ಪೆಟ್ಟು ಬಿತ್ತು ಅನ್ನುವುದು ನನಗೂ ಗೊತ್ತು.

ಆದರೆ ಆ ಸಿಟ್ಟೆಲ್ಲ ಹೋಗಿ ಇಲ್ಲಿನ ಮೂಲನಿವಾಸಿಗಳಾದ ಓಜಿಬ್ವೆ ಜನರ ಮೇಲೆ ಬೀಳುವುದು ನನಗೆ ಹಿಡಿಸುವುದಿಲ್ಲ. ದೋಣಿ ಇಳಿಸುವ ಜಾಗದಲ್ಲಿ ನಿಂತರೆ ಸಾಕು, "ವಸಂತದಲ್ಲಿ ಅವರು ಬಲೆ ಹಾಕಿ ಎಲ್ಲಾ ಬಾಚಿಬಿಟ್ಟರು" ಅನ್ನುವ ಮಾತು ಕಿವಿಗೆ ಬೀಳುತ್ತದೆ. ಇಲ್ಲಿ ಮೀನು ಹಿಡಿಯುವ ಅವರ ಹಕ್ಕು ಅಮೆರಿಕ ಸರ್ಕಾರದ ಜೊತೆಗಿನ 1837ರ ಒಪ್ಪಂದದ್ದು, 1999ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು. ಅವರಿಗೂ ಕೋಟಾ ಇದೆ, ನಮಗೂ ಇದೆ. ನೀವು ಸಭೆಗಳಲ್ಲಿ ಈ ಮಾತು ಬಂದಾಗ ಸುಮ್ನೆ ತಲೆಯಾಡಿಸಬೇಡಿ.

ನಿಜವಾದ ತೊಂದರೆ ನೀರಿನಲ್ಲಿದೆ. ಮೊಟ್ಟೆ ಒಡೆದು ಮರಿಗಳು ಬರುತ್ತವೆ, ಆದರೆ ಎಷ್ಟೋ ವರ್ಷ ಅವು ದೊಡ್ಡವಾಗಲೇ ಇಲ್ಲ. ಕೆಲವು ದಶಕಗಳಿಂದ ನೀರು ತಿಳಿಯಾಗುತ್ತಾ ಬಂತು. ತಿಳಿಯಾದರೆ ಒಳ್ಳೆಯದೇ ಅಂತ ನಾನೂ ಅಂದುಕೊಂಡಿದ್ದೆ. ವಾಲ್‌ಐಗೆ ಹಾಗಲ್ಲ. ಟಾರ್ಚ್ ಬಿಟ್ಟರೆ ಬೆಕ್ಕಿನ ಕಣ್ಣಿನ ಹಾಗೆ ಹೊಳೆಯುವ ಕಣ್ಣು ಅದರದ್ದು, ಮಬ್ಬು ಬೆಳಕಿನಲ್ಲಿ ಬೇಟೆ ಆಡುವುದಕ್ಕೆ ಮಾಡಿದ್ದು. 2005ರಲ್ಲಿ ಜೀಬ್ರಾ ಮಸಲ್ ಕಾಣಿಸಿತು. ಬೆರಳ ಉಗುರಿನಷ್ಟು ಚಿಪ್ಪು, ಅದು ನೀರನ್ನು ಸೋಸಿ ಸೋಸಿ ಮರಿಗಳ ಬುತ್ತಿಗೇ ಕೈ ಹಾಕುತ್ತದೆ. ತಣ್ಣೀರು ಬೇಕಾದ ಟಲ್ಲಿಬಿ ಮೀನು ಬಿಸಿ ಬೇಸಿಗೆಗೆ ಸಾಯುತ್ತದೆ. ಅದನ್ನು ತಿನ್ನುತ್ತಿದ್ದ ದೊಡ್ಡ ವಾಲ್‌ಐ ಆಮೇಲೆ ತನ್ನ ಮರಿಗಳ ಕಡೆಗೇ ತಿರುಗುತ್ತದೆ.

2013ರಲ್ಲಿ ಹುಟ್ಟಿದ ಮರಿಗಳು ಚೆನ್ನಾಗಿ ಉಳಿದುಕೊಂಡವು. ಆಮೇಲೆ ಎಷ್ಟೋ ವರ್ಷ ಕೆರೆ ದೂಡಿದ್ದು ಬಹುಪಾಲು ಅವುಗಳ ಬಲದಿಂದಲೇ. ಈಗೀಗ ಮಿತಿ ಸಡಿಲವಾಗಿದೆ, ಇನ್ನೂ ಸಡಿಲಿಸಿ ಅನ್ನುವ ಒತ್ತಡ ನಿಮ್ಮ ಮೇಲೆ ಇದ್ದೇ ಇರುತ್ತದೆ.

ನಾನು ಕೇಳುವುದು ಇಷ್ಟೇ. ಬೇಸಿಗೆಯ ನಿಷೇಧವನ್ನು ಕ್ಯಾಲೆಂಡರ್ ನೋಡಿ ಹಾಕಬೇಡಿ, ನೀರಿನ ಬಿಸಿ ನೋಡಿ ಹಾಕಿ. ಜೂನ್‌ನಲ್ಲೇ ಕೆರೆ ಕಾದರೆ ಜೂನ್‌ನಲ್ಲೇ ನಿಲ್ಲಿಸಿ, ಜುಲೈ ತಣ್ಣಗಿದ್ದರೆ ತೆರೆದಿಡಿ. ರೆಸಾರ್ಟಿನವರಿಗೆ ಆ ದಿನಗಳಿಗೆ ಏನಾದರೂ ಪರಿಹಾರ ಕೊಡುವುದು ನಿಮ್ಮ ಕೈಯಲ್ಲಿದೆ. ತಾಳ್ಮೆಯಿಂದ ಕಾದು ಕೂತರೆ ಏನಾಗುತ್ತದೆ ಅಂತ ನೋಡಬೇಕಿದ್ದರೆ ರೆಡ್ ಲೇಕ್ ಅನ್ನುವ ಕೆರೆ ಇದೆಯಲ್ಲ. ಅಲ್ಲಿನ ಬುಡಕಟ್ಟು 1997ರಲ್ಲಿ ತಾನಾಗಿ ಮಾರಾಟದ ಮೀನುಗಾರಿಕೆ ನಿಲ್ಲಿಸಿತು, 1999ರಲ್ಲಿ ರಾಜ್ಯವೂ ಜೊತೆಗೂಡಿತು, ಮರಿ ಬಿಟ್ಟರು, 2006ರಲ್ಲಿ ಮತ್ತೆ ತೆರೆದರು. ಅದು ನಿಮ್ಮ ರಾಜ್ಯದಲ್ಲೇ ಆಗಿದ್ದು.

ದಡದಲ್ಲಿ ಮುಂದಿನ ಸಭೆ ಯಾವತ್ತು ಅಂತ ತಿಳಿಸಿ, ಬರುತ್ತೇನೆ. ಜುಲೈನಲ್ಲೇ ಇಟ್ಟರೆ ಒಳ್ಳೆಯದು, ಸಭೆ ಮುಗಿಸಿ ದೋಣಿಯಲ್ಲಿ ಒಂದು ಸುತ್ತು ಹೋಗಿ ಬರೋಣ, ತೇಲುವ ಮೀನು ನೀವೇ ಎಣಿಸಿ.

ಇಂತಿ,
ಗಾಳ ಹಾಕುವ ಒಬ್ಬ ಕನ್ನಡಿಗ