ಶನಿವಾರದ ಪ್ರಯಾಣ: ಚೇಂಬರ್ಲಿನ್‌ನಲ್ಲಿ ಒಂದು ಗಂಟೆ

ಎಲ್ಲರಿಗೂ ನಮಸ್ಕಾರ,

ಶನಿವಾರ ಅಮೆರಿಕದ ಅಧ್ಯಕ್ಷರ ಮುಖ ಕೆತ್ತಿರುವ ಮೌಂಟ್ ರಶ್ಮೋರ್ ಬೆಟ್ಟಕ್ಕೆ ಹೊರಡುವ ಆರೂ ಕಾರಿನವರು ದಯವಿಟ್ಟು ಓದಿ. ಬೆಳಿಗ್ಗೆ 7ಕ್ಕೆ ಸೂ ಫಾಲ್ಸ್ ಬಿಡೋಣ. ಐ-90 ಹೆದ್ದಾರಿಯಲ್ಲಿ ಸುಮಾರು ಎರಡು ಗಂಟೆ ಹೋದರೆ ಚೇಂಬರ್ಲಿನ್ ರೆಸ್ಟ್ ಏರಿಯಾ (ಪ್ರಯಾಣಿಕರ ವಿಶ್ರಾಂತಿ ತಾಣ) ಸಿಗುತ್ತದೆ. ತಿಂಡಿ ಅಲ್ಲೇ.

ಸುಮ್ನೆ ಟಾಯ್ಲೆಟ್‌ಗೆ ಹೋಗಿ ಬಂದು ಕಾರು ಹತ್ತಬೇಡಿ. ಅಮೆರಿಕದಲ್ಲಿ 1956ರ ಹೆದ್ದಾರಿ ಕಾಯ್ದೆ ಬಂದ ಮೇಲೆ ಐ-90ರಂಥ ರಸ್ತೆಗಳ ಜೊತೆ ಇಂಥ ತಾಣಗಳೂ ಎದ್ದವು. ಎಷ್ಟೋ ರಾಜ್ಯಗಳು ತಮ್ಮ ನೆಲದ ಗುರುತು ಕಾಣುವ ಹಾಗೆ ಕಟ್ಟಿದವು. ಸೌತ್ ಡಕೋಟಾದಲ್ಲಿ ವಾಸ್ತುಶಿಲ್ಪಿ ವಾರ್ಡ್ ವಿಟ್ವಮ್ ಇಲ್ಲಿನ ಮೂಲನಿವಾಸಿಗಳ ಟೀಪೀ ಗುಡಾರವನ್ನು ಕಾಂಕ್ರೀಟಿನಲ್ಲಿ ತಂದರು. ಹೊದಿಕೆ ಇಲ್ಲ, ಬರೀ ಎಂಟು ಕಂಬ, 56 ಅಡಿ ಎತ್ತರ. ಕೆಳಗೆ ನಿಂತು ತಲೆ ಎತ್ತಿ ನೋಡಿ. ಕಂಬಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ, ಆಮೇಲೆ ಆಕಾಶಕ್ಕೆ ಬಿಚ್ಚಿಕೊಳ್ಳುತ್ತವೆ. ನನಗಂತೂ ರಶ್ಮೋರ್ ಬೆಟ್ಟಕ್ಕಿಂತ ಇದೇ ಜಾಸ್ತಿ ಇಷ್ಟ. ಮಿಸ್ಸೂರಿ ನದಿಯೂ ಅಲ್ಲಿಂದಲೇ ಕಾಣುತ್ತದೆ. 2016ರಲ್ಲಿ ನಿಲ್ಲಿಸಿದ 50 ಅಡಿಯ ‘ಡಿಗ್ನಿಟಿ’ ಎಂಬ ಮೂಲನಿವಾಸಿ ಮಹಿಳೆಯ ಪ್ರತಿಮೆಯೂ ಇದೆ, ಮಕ್ಕಳಿಗೆ ತೋರಿಸಿ.

ಅಲ್ಲಿ ಹೋಟೆಲ್, ಪೆಟ್ರೋಲ್ ಬಂಕ್ ಇರುವುದಿಲ್ಲ, ಕಾನೂನೇ ಬಿಡುವುದಿಲ್ಲ. ಹಾಗಾಗಿ ಸೂ ಫಾಲ್ಸ್‌ನಲ್ಲೇ ಟ್ಯಾಂಕ್ ತುಂಬಿಸಿ. ಚಿತ್ರಾನ್ನ, ಮೊಸರನ್ನ ನಮ್ಮ ಮನೆಯಿಂದ. ತಟ್ಟೆ, ನೀರು, ಚಾಪೆ ನೀವು ತನ್ನಿ. ದಿಣ್ಣೆಯ ಮೇಲೆ ಗಾಳಿ ಜೋರು, ಮಕ್ಕಳಿಗೊಂದು ಸ್ವೆಟರ್ ಇರಲಿ.

ನಿಮ್ಮ ಕಾರಲ್ಲಿ ಎಷ್ಟು ಜನ, ಖಾರ ಬೇಡದ ಮಕ್ಕಳು ಎಷ್ಟು ಅಂತ ಗುರುವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಅದನ್ನು ನೋಡಿಕೊಂಡು ಅಕ್ಕಿ ಅಳತೆ ಹಾಕುತ್ತೇನೆ.