ಮಲಗೋಕೆ ಭಯ ಅಂತ ಬರೆದೆಯಲ್ಲ

ಪುಟ್ಟಾ,

ಕಬಡ್ಡಿಯಲ್ಲಿ ಬಿದ್ದಿದ್ದು, ಆಸ್ಪತ್ರೆ, ಎಕ್ಸ್‌ರೇ, ಎಲ್ಲ ನಿನ್ನಮ್ಮ ಹೇಳಿದ್ದಾಳೆ. ಅದು ಬಿಡು. "ಮಗ್ಗುಲು ತಿರುಗಿದರೆ ಭುಜ ಮತ್ತೆ ಜಾರುತ್ತೇನೋ ಮಾವ, ರಾತ್ರಿ ಗೋಡೆಗೊರಗಿ ಕೂತೇ ಇರ್ತೀನಿ" ಅಂದೆಯಲ್ಲ, ಆ ಸಾಲು ಎರಡು ದಿನದಿಂದ ನನ್ನನ್ನು ಬಿಟ್ಟಿಲ್ಲ.

ಆ ಭಯ ನನಗೆ ಗೊತ್ತು. ನಿನ್ನ ವಯಸ್ಸಲ್ಲೇ ನನ್ನ ಬಲಭುಜ ಜಾರಿತ್ತು. ಊರಲ್ಲಿ ಒಬ್ಬರು ಕಂಕುಳಿಗೆ ಕಾಲು ಕೊಟ್ಟು ಎಳೆದು ಕೂರಿಸಿದರು. ತೋಳಿನ ಹೊರಗಡೆ ಒಂದಿಷ್ಟು ಜಾಗ ಮರಗಟ್ಟಿತ್ತು, ಮುಟ್ಟಿದರೆ ಬೇರೆ ಯಾರದೋ ಚರ್ಮ ಮುಟ್ಟಿದ ಹಾಗೆ. ನರಕ್ಕೆ ಪೆಟ್ಟಾಗಿತ್ತು ಅಂತ ತಿಳಿದಿದ್ದು ಎಷ್ಟೋ ವರ್ಷದ ಮೇಲೆ. ನಿನಗೂ ಹಾಗಿದ್ದರೆ ಇವತ್ತೇ ಡಾಕ್ಟರಿಗೆ ಹೇಳು. ನಾನು ಹತ್ತೇ ದಿನಕ್ಕೆ ಕಟ್ಟು ಬಿಚ್ಚಿ ಆಡೋಕೆ ಹೋದೆ. ಆಮೇಲೆ ಅಟ್ಟದ ಮೇಲಿನ ಪಾತ್ರೆಗೆ ಕೈ ಚಾಚಿದರೂ ಜಾರೋದು.

ಮುಂದೆ ಒಬ್ಬ ಫಿಸಿಯೋ ಪ್ಲಾಸ್ಟಿಕ್ ಮೂಳೆ ಹಿಡಿದು ತೋರಿಸಿದಳು. ಚಮಚದಲ್ಲಿ ನಿಂಬೆಹಣ್ಣಿಟ್ಟು ಓಡ್ತಿದ್ದೆವಲ್ಲ, ಹೆಚ್ಚುಕಮ್ಮಿ ಹಾಗೇ ಇದೆ. ತೋಳಿನ ಮೂಳೆಯ ಗುಂಡು ದೊಡ್ಡದು, ಬಟ್ಟಲು ಚಿಕ್ಕದು, ಆಳವೂ ಇಲ್ಲ. ಅದಕ್ಕೇ ಕೈ ಇಷ್ಟು ಕಡೆ ತಿರುಗೋದು, ಅದಕ್ಕೇ ಜಾರೋದೂ. ಸುತ್ತ ನಾಲ್ಕು ಸ್ನಾಯು ಇವೆ, ರೊಟೇಟರ್ ಕಫ್ ಅಂತಾರೆ. ಮೇಲೆ ಸುಪ್ರಾಸ್ಪೈನೇಟಸ್, ಹಿಂದೆ ಇನ್‌ಫ್ರಾಸ್ಪೈನೇಟಸ್ ಮತ್ತು ಟೆರೆಸ್ ಮೈನರ್, ಮುಂದೆ ಸಬ್‌ಸ್ಕ್ಯಾಪುಲಾರಿಸ್, ನಾಲ್ಕರಲ್ಲಿ ಅದೇ ದೊಡ್ಡದು. ಕೈ ಎತ್ತುವಾಗ ಹೊರಗಿನ ದೊಡ್ಡ ಸ್ನಾಯು ಗುಂಡನ್ನು ಮೇಲಕ್ಕೆಳೆದರೆ ಇವು ಬಟ್ಟಲಿಗೆ ಒತ್ತಿ ಹಿಡಿಯುತ್ತವೆ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ನಮ್ಮಿಬ್ಬರದ್ದೂ ಜಾರಿದ್ದು ಮುಂದಕ್ಕೆ, ಕೈ ಮೇಲೆತ್ತಿ ಹಿಂದಕ್ಕೆ ತಿರುಚಿದಾಗ. ಸ್ಲಿಂಗ್‌ನಲ್ಲಿ ನಿನ್ನ ಕೈ ಹೊಟ್ಟೆಗೆ ಅಂಟಿಕೊಂಡಿದೆ. ಮಲಗಿದಲ್ಲೇ ಅದು ಜಾರೋದು ಕಷ್ಟ ಕಣೋ. ನಿನ್ನ ವಯಸ್ಸಲ್ಲಿ ಮತ್ತೆ ಜಾರೋ ಸಂಭವ ಜಾಸ್ತಿ, ಅದನ್ನು ಮುಚ್ಚಿಡಲ್ಲ. ಆದರೆ ಅದು ಬೇಗ ಆಟಕ್ಕಿಳಿದರೆ ಹೆದರಬೇಕಾದ ಮಾತು, ಹಾಸಿಗೆಯದಲ್ಲ.

ನಿನ್ನ ಅಕ್ಕನ ಮದುವೆ ನೆನಪಿದೆಯಾ? ಸೋದರಮಾವ ಹೆಣ್ಣನ್ನು ಎತ್ತಿಕೊಂಡು ಮಂಟಪಕ್ಕೆ ತರಬೇಕು. ನಾನು ಕೈ ಹಿಡಿದು ನಡೆಸಿಕೊಂಡು ಬಂದೆ. ಬೆನ್ನುನೋವು ಅಂದೆ. ಬೆನ್ನಿಗೆ ಏನೂ ಆಗಿರಲಿಲ್ಲ ಪುಟ್ಟಾ, ಎಲ್ಲರೆದುರು ಭುಜ ಜಾರಿಬಿಟ್ಟರೆ ಅಂತ ಭಯ. ಅವಳು ಮುಖ ಸಣ್ಣ ಮಾಡಿಕೊಂಡಿದ್ದು ಈಗಲೂ ಕಣ್ಣ ಮುಂದಿದೆ.

ಬುದ್ಧಿ ಹೇಳೋಕೆ ನಾನ್ಯಾರು, ನಾನೇ ಮಾಡಲಿಲ್ಲ. ಆದರೂ, ಡಾಕ್ಟರು ಸಾಕು ಅನ್ನೋವರೆಗೆ ಸ್ಲಿಂಗ್ ಬಿಚ್ಚಬೇಡ. ಅವರು ಒಪ್ಪಿದ ಮೇಲೆ ರಬ್ಬರ್ ಬ್ಯಾಂಡಿನ ವ್ಯಾಯಾಮ ಬಿಡದೆ ಮಾಡು, ಬೇಜಾರು ಬರುತ್ತೆ, ಆದರೂ ಮಾಡು. ಇವತ್ತು ರಾತ್ರಿ ಅಂಗಾತ ಮಲಗು, ಎಡಮೊಣಕೈ ಕೆಳಗೆ ಒಂದು ದಿಂಬು ಇಟ್ಟುಕೋ. ನಡುರಾತ್ರಿ ಬೆಚ್ಚಿ ಎದ್ದರೆ ನನಗೆ ಫೋನ್ ಮಾಡು, ಎತ್ತುತ್ತೇನೆ.

ನಿನ್ನ ಮಾವ